ದುರ್ಗದ ಸೀಮೆಯ ಬಂಡಿದಾರಿಗೆ ಸೈಕಲ್: ಮೊದಲು ಟೈರು, ಉಳಿದದ್ದು ಆಮೇಲೆ

ಚಿತ್ರದುರ್ಗ, ದಾವಣಗೆರೆ ಸೀಮೆಯ ಕಚ್ಚಾ ದಾರಿಯಲ್ಲಿ ಸೈಕಲ್ ನಿಲ್ಲುವುದು ಏರು ಹತ್ತಲಾಗದೆ ಅಲ್ಲ, ಮುಳ್ಳು ಚುಚ್ಚಿ. ಕೆರೆ ಏರಿ, ಹಳ್ಳದ ದಂಡೆ, ಹೊಲದ ಬದು, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಸೌದೆಗೆಂದು ಕಡಿದು ಎಳೆದೊಯ್ದ ಕೊಂಬೆಯ ಮುಳ್ಳು ದಾರಿಯಲ್ಲೇ ಉದುರಿ ಒಣಗುತ್ತದೆ, ಒಣಗಿದಷ್ಟೂ ಗಟ್ಟಿ. ಮಳೆಗಾಲ ಕಳೆದ ಮೇಲೆ ಇದಕ್ಕೆ ನೆಗ್ಗಿಲು ಸೇರಿಕೊಳ್ಳುತ್ತದೆ. ಅದರ ಕಾಯಿ ಹೇಗೆ ಬಿದ್ದರೂ ಒಂದಾದರೂ ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಆದ್ದರಿಂದ ಹೊಸ ಸೈಕಲ್ ಕೊಳ್ಳುವವರಿಗೂ, ಇರುವುದನ್ನೇ ಸಜ್ಜು ಮಾಡಿಕೊಳ್ಳುವವರಿಗೂ ಹೇಳುವ ಮಾತು ಒಂದೇ: ಕೈಯಲ್ಲಿರುವ ದುಡ್ಡು ಮೊದಲು ಟೈರು, ರಿಮ್ಮಿಗೆ ಹೋಗಲಿ. ಹಗುರ ಫ್ರೇಮು, ಹೆಚ್ಚು ಗೇರು, ಚೆಂದದ ಬ್ಯಾಗು ಎಲ್ಲ ಅದರ ನಂತರ.

ಸೈಕಲ್ ಆರಿಸುವಾಗ

ಅಳತೆಯಿಂದ ಶುರು ಮಾಡಿ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಯಿಂದ ನೆಲದವರೆಗೆ ಸೆಂಟಿಮೀಟರಿನಲ್ಲಿ ಅಳೆದು 0.226ರಿಂದ ಗುಣಿಸಿದರೆ ಎಂಟಿಬಿ (ಮೌಂಟನ್ ಬೈಕ್) ಫ್ರೇಮಿನ ಅಳತೆ ಇಂಚಿನಲ್ಲಿ ಸಿಗುತ್ತದೆ. 80 ಸೆಂ.ಮೀ. ಇದ್ದರೆ 18 ಇಂಚು. ಫ್ರೇಮಿನ ಆಚೀಚೆ ಕಾಲಿಟ್ಟು ನಿಂತಾಗ ಮೇಲಿನ ಕೊಳವೆಗೂ ನಿಮಗೂ ನಡುವೆ ಕನಿಷ್ಠ 5 ಸೆಂ.ಮೀ. ಜಾಗ ಇರಬೇಕು. ಕಲ್ಲು ಕೊರಕಲಿನಲ್ಲಿ ಇದ್ದಕ್ಕಿದ್ದಂತೆ ಕಾಲೂರುವ ಪ್ರಸಂಗ ಬಂದೇ ಬರುತ್ತದೆ.

ಆಮೇಲೆ ನೋಡಬೇಕಾದದ್ದು ಟೈರಿಗೂ ಫ್ರೇಮಿಗೂ ನಡುವಿನ ಸಂದು. ಹಿಂದಿನ ಚಕ್ರದ ಎರಡೂ ಪಕ್ಕ ನಿಮ್ಮ ಕಿರುಬೆರಳು ಸಲೀಸಾಗಿ ತೂರಬೇಕು. ಅಷ್ಟು ಜಾಗ ಇಲ್ಲದ ಸೈಕಲ್ ಎರೆ ನೆಲದಲ್ಲಿ ಕೆಲಸಕ್ಕೆ ಬಾರದು. ಕಾರಣ ಮುಂದೆ ಬರುತ್ತದೆ. ಟೈರಿನ ಅಗಲ 29 ಇಂಚಿನ ಚಕ್ರದಲ್ಲಿ 2.2 ಇಂಚು ಇದ್ದರೆ ಗರಸು ದಾರಿ, ಬಂಡೆ, ಮರಳು ಎಲ್ಲಕ್ಕೂ ಆಗುತ್ತದೆ. ಭದ್ರಾ ಚಾನಲ್ ಏರಿಯ ಮೇಲೆ, ಹಳ್ಳಿಯಿಂದ ಹಳ್ಳಿಗೆ ಹೋಗುವ ಮಣ್ಣು ರಸ್ತೆಗಳ ಮೇಲೆ ಮಾತ್ರ ಓಡಿಸುವವರಿಗೆ 700x40 (700ರ ಚಕ್ರ, 40 ಮಿ.ಮೀ. ಅಗಲ) ಗ್ರಾವೆಲ್ ಟೈರು ಸಾಕು, ವೇಗವೂ ಹೆಚ್ಚು. ಅದಕ್ಕಿಂತ ಸಣ್ಣದು ಬೇಡ.

ಅಗ್ಗದ ಸೈಕಲ್ಲಿನ ಸ್ಪ್ರಿಂಗ್ ಫೋರ್ಕಿಗೆ ಮರುಳಾಗಬೇಡಿ. ಅದರ ತೂಕವೇ ಎರಡೂವರೆ ಕೆಜಿಗೆ ಬರುತ್ತದೆ, ಧೂಳು ಹೊಕ್ಕ ಮೇಲೆ ಸರಿಯಾಗಿ ಕುಗ್ಗುವುದೂ ಇಲ್ಲ. ಅದೇ ಬೆಲೆಗೆ ಗಟ್ಟಿ ಫೋರ್ಕು, ಅಗಲ ಟೈರು ಇರುವ ಸೈಕಲ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಫೋರ್ಕಿನ ಕಾಲುಗಳಲ್ಲಿ ತಿರುಪು ಕೂರುವ ತೂತುಗಳಿದ್ದರೆ ನೀರಿನ ಬಾಟಲಿಗೆ ಇನ್ನೆರಡು ಜಾಗ ಸಿಕ್ಕಂತಾಯಿತು. ಒಳ್ಳೆಯ ಗಾಳಿ ಫೋರ್ಕು ಇದ್ದರೆ, ಹೊರೆ ಕಟ್ಟಿದ ಮೇಲೆಯೇ ಕೂತು ಅದರ ಗಾಳಿ ಸರಿಮಾಡಿಕೊಳ್ಳಿ: ನೀವು ಕೂತಾಗ ಫೋರ್ಕು ಒಟ್ಟು ಕುಗ್ಗಬಲ್ಲ ಉದ್ದದ ಕಾಲುಭಾಗ ಕುಗ್ಗಿದರೆ ಸರಿ.

ಕೊಳ್ಳುವಾಗ ಹೆಚ್ಚಿನವರು ಗಮನಿಸದೆ ಬಿಡುವುದು ಹಿಂದಿನ ಹಬ್, ಅಂದರೆ ಚಕ್ರದ ನಡುಗುಂಬ. 7 ಗೇರಿನ ಅಗ್ಗದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಹಲ್ಲುಚಕ್ರಗಳ ಕಟ್ಟನ್ನು ಹಬ್ಬಿಗೆ ತಿರುಪಿ ಕೂರಿಸುವ ಫ್ರೀವೀಲು ಇರುತ್ತದೆ. ಅದರಲ್ಲಿ ಚೈನಿನ ಕಡೆಯ ಬೇರಿಂಗು ಹಬ್ಬಿನೊಳಗೇ ಉಳಿಯುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ಲಿಗೆ ಆಸರೆಯೇ ಇಲ್ಲ. ಎಂಟು ಹತ್ತು ಕೆಜಿ ಹೊರೆ ಹೊತ್ತು ಗುಂಡಿಗೆ ಇಳಿದಾಗ ಆ ಜಾಗದಲ್ಲೇ ಆಕ್ಸಲ್ ಬಾಗುತ್ತದೆ, ಕೊನೆಗೆ ತುಂಡಾಗುತ್ತದೆ. ಹಲ್ಲುಚಕ್ರಗಳನ್ನು ಜಾರಿಸಿ ಕೂರಿಸುವ ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗು ಫ್ರೇಮಿನ ಪಕ್ಕಕ್ಕೇ ಬಂದಿರುವುದರಿಂದ ಈ ಕಾಟ ಇಲ್ಲ. ಗುರುತಿಸುವುದು ಸುಲಭ: ಹಿಂದಿನ ಹಲ್ಲುಚಕ್ರಗಳನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ. ತೀರಾ ಚಿಕ್ಕ ಚಕ್ರದ ನಡುವೆ ಪಾನ (ಸ್ಪ್ಯಾನರ್) ಕೂರುವ ಕಚ್ಚುಗಳು ಹಲ್ಲಿನ ಜೊತೆಯೇ ತಿರುಗಿದರೆ ಕ್ಯಾಸೆಟ್, ಅಲುಗದೆ ನಿಂತರೆ ಫ್ರೀವೀಲು. ಹೊರೆ ಸಮೇತ ಊರೂರು ತಿರುಗುವ ಯೋಚನೆ ಇದ್ದವರು ಕ್ಯಾಸೆಟ್ಟನ್ನೇ ಕೇಳಿ.

ಗೇರುಗಳ ಎಣಿಕೆ ಮುಖ್ಯವಲ್ಲ, ತೀರಾ ಹಗುರ ಗೇರು ಎಷ್ಟು ಹಗುರ ಎಂಬುದೇ ಮುಖ್ಯ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ. ಮುಂದೆ 32, ಹಿಂದೆ 46 ಇದ್ದರೆ 0.7, ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದಂಥ ಏರಿಗೂ ಹೊರೆ ಸಮೇತ ಸಾಕು. ಲೆಕ್ಕ ಒಂದಕ್ಕಿಂತ ಮೇಲೆ ಬಂದರೆ ಇಳಿದು ತಳ್ಳಬೇಕಾಗುತ್ತದೆ.

ಬ್ರೇಕಿನಲ್ಲಿ ಕೇಬಲ್ ಡಿಸ್ಕ್ ಹಳ್ಳಿಯಲ್ಲೂ ರಿಪೇರಿಯಾಗುತ್ತದೆ, ಆಯಿಲ್ ಡಿಸ್ಕ್ ಚೆನ್ನಾಗಿ ಹಿಡಿಯುತ್ತದೆ. ಎರಡೂ ಆಗಬಹುದು. ಆಯಿಲ್ ಡಿಸ್ಕ್ ಇದ್ದವರು ಅದಕ್ಕೆ ಬೇಕಾದದ್ದು ಮಿನರಲ್ ಆಯಿಲೋ, ಬೈಕುಗಳಿಗೆ ಹಾಕುವ ಡಾಟ್ ದ್ರವವೋ ತಿಳಿದುಕೊಂಡಿರಿ. ಒಂದರ ಬದಲು ಇನ್ನೊಂದು ಹಾಕಿದರೆ ಒಳಗಿನ ರಬ್ಬರು ಉಬ್ಬಿ ಇಡೀ ಬ್ರೇಕು ಹಾಳಾಗುತ್ತದೆ.

ಟ್ಯೂಬ್‌ಲೆಸ್ ಕೂರಿಸುವುದು

ರಿಮ್ಮೂ ಟೈರೂ ಎರಡೂ ಟ್ಯೂಬ್‌ಲೆಸ್‌ಗೆ ತಕ್ಕವಾಗಿದ್ದರೆ ಒಂದು ದಿನವೂ ತಡಮಾಡಬೇಡಿ. ತೂತನ್ನು ತಾನೇ ಮುಚ್ಚುವ ದ್ರವ, ಅಂದರೆ ಸೀಲಂಟ್, ಹಾಕಿದ ಟೈರಿನಲ್ಲಿ ಮುಳ್ಳು ಚುಚ್ಚಿದ್ದು ಎಷ್ಟೋ ಸಲ ನಿಮಗೆ ಗೊತ್ತೇ ಆಗುವುದಿಲ್ಲ.

ರಿಮ್ಮಿನ ಒಳಮೈಯನ್ನು ಸ್ಪಿರಿಟ್ ಹಚ್ಚಿ ಜಿಡ್ಡಿಲ್ಲದಂತೆ ಒರೆಸಿ. ಒಳ ಅಗಲಕ್ಕಿಂತ 2-3 ಮಿ.ಮೀ. ಹೆಚ್ಚು ಅಗಲದ ಟೇಪು ಬೇಕು. ರಿಮ್ ಒಳಗೆ 25 ಇದ್ದರೆ ಟೇಪು 27 ಅಥವಾ 28. ವಾಲ್ವ್ ತೂತಿನಿಂದ ಒಂದು ಗೇಣು ದೂರ ಶುರುಮಾಡಿ ಬಿಗಿಯಾಗಿ ಎಳೆಯುತ್ತ ಸುತ್ತಿ, ಹೆಬ್ಬೆರಳಿನಿಂದ ಅಂಚಿನವರೆಗೂ ಒತ್ತಿ. ಗುಳ್ಳೆ ಉಳಿದರೆ ಅಲ್ಲಿಂದಲೇ ಗಾಳಿ ಸೋರುತ್ತದೆ. ವಾಲ್ವಿಗೆ ಬ್ಲೇಡಿನಿಂದ ಸೀಳು ಹಾಕಬೇಡಿ, ಕಾಯಿಸಿದ ಸೂಜಿಯಿಂದ ಚಿಕ್ಕ ತೂತು ಮಾಡಿ ವಾಲ್ವನ್ನು ಒತ್ತಿ ತೂರಿಸಿ. ಅದರ ನಟ್ಟು ಕೈಬಿಗಿ ಸಾಕು. ಇಕ್ಕಳ ಹಾಕಿ ಬಿಗಿದರೆ ದಾರಿಯಲ್ಲಿ ಬಿಚ್ಚಲಾಗುವುದಿಲ್ಲ.

ಟೈರಿನ ಅಂಚಿಗೆ ಸೋಪಿನ ನೀರು ಸವರಿ, ವಾಲ್ವಿನ ಪಿನ್ನು ತೆಗೆದು ಒಮ್ಮೆಲೇ ಗಾಳಿ ನುಗ್ಗಿಸಬೇಕು. ಕೈಪಂಪಿನಿಂದ ಕೂರದಿದ್ದರೆ ಬೈಕಿನ ಪಂಚರ್ ಅಂಗಡಿಯ ಕಂಪ್ರೆಸರ್ ಕೆಲಸ ಮಾಡುತ್ತದೆ. ತೆಳುವಾದ ಪ್ರೆಸ್ಟಾ ವಾಲ್ವಿನವರು ಚಿಕ್ಕ ಹಿತ್ತಾಳೆ ಅಡಾಪ್ಟರನ್ನು ಯಾವಾಗಲೂ ಜೇಬಿನಲ್ಲಿಟ್ಟಿರಿ. ಟಪ್ ಟಪ್ ಎಂದು ಎರಡು ಮೂರು ಸದ್ದು ಬಂದರೆ ಟೈರು ಕೂತಿತು. ರಿಮ್ ಮತ್ತು ಟೈರಿನ ಮೇಲೆ ಬರೆದಿರುವ ಮಿತಿಗಳಲ್ಲಿ ಕಡಿಮೆ ಯಾವುದೋ ಅದನ್ನು ದಾಟಬಾರದು. ಅಂಗಡಿಯವರು ಬೈಕಿನ ಲೆಕ್ಕದಲ್ಲಿ ಒತ್ತುತ್ತಾರೆ, ಪಕ್ಕದಲ್ಲೇ ನಿಂತು ಮೀಟರ್ ನೋಡಿ.

ಈಗ ಗಾಳಿ ಬಿಟ್ಟು ವಾಲ್ವಿನ ಮೂಲಕ ಸೀಲಂಟ್ ಹಾಕಿ: 29x2.2 ಟೈರಿಗೆ 100ರಿಂದ 120 ಮಿ.ಲೀ., 700x40ಕ್ಕೆ 60ರಿಂದ 80. ಚಕ್ರವನ್ನು ಮೊರದಂತೆ ಅಡ್ಡ ಹಿಡಿದು ಎರಡೂ ಮಗ್ಗುಲಿಗೆ ಕುಲುಕಿ, ಒಂದು ರಾತ್ರಿ ಬಿಡಿ.

ಸೀಲಂಟ್ ಹಾಕಿದ್ದು ವರ್ಷವಿಡೀ ಇರುತ್ತದೆ ಎಂದುಕೊಳ್ಳುವುದೇ ದೊಡ್ಡ ತಪ್ಪು. ಅದು ಹಾಲಿನಂಥ ರಬ್ಬರು. ನೀರಿನಂಶ ಆರಿದರೆ ಟೈರಿನೊಳಗೆ ಕೆನೆಗಟ್ಟಿ ಕೂರುತ್ತದೆ. ಚಳ್ಳಕೆರೆ, ಹಿರಿಯೂರಿನ ಬೇಸಿಗೆಯಲ್ಲಿ ಆರು ವಾರಕ್ಕೊಮ್ಮೆ ನೋಡಿ, ಉಳಿದ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ. ಚಕ್ರ ಬಿಚ್ಚಿ ಕಿವಿಯ ಹತ್ತಿರ ಕುಲುಕಿದಾಗ ಎಳನೀರು ತುಳುಕಿದ ಹಾಗೆ ಕೇಳಬೇಕು. ಸದ್ದಿಲ್ಲದಿದ್ದರೆ ಹಾಕಿದ್ದರ ಅರ್ಧದಷ್ಟನ್ನು ಮತ್ತೆ ಸೇರಿಸಿ. ಸೈಕಲ್ ನಿಲ್ಲಿಸುವಾಗ ವಾಲ್ವ್ ತೀರಾ ಕೆಳಗೆ ಬರದಂತೆ ನೋಡಿಕೊಳ್ಳಿ, ಸೀಲಂಟ್ ಅಲ್ಲಿ ನಿಂತು ಬಾಯಿ ಕಟ್ಟುತ್ತದೆ.

ಸಣ್ಣ ಮುಳ್ಳು ಚುಚ್ಚಿ ಬುಸ್ ಎಂದರೆ ಕಿತ್ತು, ತೂತನ್ನು ಕೆಳಮುಖ ಮಾಡಿ ಅರ್ಧ ನಿಮಿಷ ಹಿಡಿಯಿರಿ. ದಪ್ಪ ಮುಳ್ಳೋ ಮೊಳೆಯೋ ಆದರೆ ತೂತಿಗೆ ತುರುಕುವ ರಬ್ಬರ್ ಪ್ಲಗ್ ಕೈಯಲ್ಲಿ ಸಿದ್ಧವಾಗುವವರೆಗೂ ಕೀಳಬೇಡಿ. ಬೈಕಿಗೆ ಹಾಕುವ ದಪ್ಪ ಪ್ಲಗ್ಗು ಸೈಕಲ್ ಟೈರಿನ ತೂತನ್ನೇ ಹಿರಿದು ಮಾಡುತ್ತದೆ. ಸೈಕಲ್ಲಿಗೆಂದೇ ಬರುವ ತೆಳುವಾದದ್ದು ಇಟ್ಟುಕೊಳ್ಳಿ.

ಟ್ಯೂಬಿನ ಸೈಕಲ್ಲೇ ಇದ್ದರೆ

ಚಿಂತೆ ಬೇಡ. ಬೈಕಿನಂಥ ದಪ್ಪ ವಾಲ್ವ್ ಇರುವ ಟ್ಯೂಬುಗಳ ಪಿನ್ನು ಬಿಚ್ಚಲು ಬರುತ್ತದೆ. ಅದರ ಮೂಲಕ ಟ್ಯೂಬಿನೊಳಗೆ 60ರಿಂದ 90 ಮಿ.ಲೀ. ಸೀಲಂಟ್ ಹಾಕಿದರೆ ನೆಗ್ಗಿಲಿನ ಕಾಟ ಬಹುಪಾಲು ತಪ್ಪುತ್ತದೆ. ಟೈರಿಗೂ ಟ್ಯೂಬಿಗೂ ನಡುವೆ ಹಾಕುವ ಲೈನರ್ ಪಟ್ಟಿಯೂ ಒಳ್ಳೆಯದೇ, ಆದರೆ ಅದರ ತುದಿಗಳು ಒಂದರ ಮೇಲೊಂದು ಬರುವ ಕಡೆ ಟ್ಯೂಬನ್ನು ತಿಕ್ಕಿ ತಿಕ್ಕಿ ಕೊಯ್ಯುತ್ತವೆ. ತುದಿಗಳನ್ನು ಮರಳುಕಾಗದದಿಂದ ಉಜ್ಜಿ ತೆಳುವಾಗಿಸಿ, ಟಾಲ್ಕಂ ಪೌಡರ್ ಸವರಿ ಕೂರಿಸಿ.

ಪಂಚರ್ ಹಾಕಿದ ಐದೇ ನಿಮಿಷಕ್ಕೆ ಮತ್ತೆ ಗಾಳಿ ಹೋದರೆ ಮುಳ್ಳಿನ ತುದಿ ಇನ್ನೂ ಟೈರಿನಲ್ಲೇ ಇದೆ ಎಂದು ಅರ್ಥ. ಬಳ್ಳಾರಿ ಜಾಲಿಯ ಮುಳ್ಳು ಟೈರಿನ ಹೊರಮೈಗೆ ಸಮವಾಗಿ ಮುರಿಯುತ್ತದೆ, ಹೊರಗಿನಿಂದ ಒಂದು ಕಪ್ಪು ಚುಕ್ಕೆ ಕಾಣುತ್ತದೆ ಅಷ್ಟೇ. ಹಾಗಾಗಿ ಟ್ಯೂಬ್ ಹೊರಗೆಳೆಯುವ ಮೊದಲು ವಾಲ್ವಿನ ಎದುರಿಗೆ ಟೈರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಹಾಕಿ. ಟ್ಯೂಬಿಗೆ ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದು ತಿರುಗಿಸಿ. ನೀರಿಲ್ಲದ ಕಡೆ ಚರ್ಮವೇ ಸೋರಿಕೆಯನ್ನು ಹಿಡಿಯುತ್ತದೆ. ತೂತು ವಾಲ್ವಿನಿಂದ ಎಷ್ಟು ಗೇಣು ದೂರವೋ ಟೈರಿನಲ್ಲೂ ಅಷ್ಟೇ ದೂರ, ಗೆರೆಯಿಂದ ಎರಡೂ ಕಡೆ ಹುಡುಕಿ. ಬರಿಬೆರಳಿನಿಂದ ಸವರಬೇಡಿ, ಹತ್ತಿಯನ್ನೋ ಹಳೆಯ ಬನಿಯನ್ ಬಟ್ಟೆಯನ್ನೋ ಒಳಮೈಯ ಮೇಲೆ ಎಳೆಯಿರಿ. ಎಳೆ ಸಿಕ್ಕಿಕೊಂಡ ಕಡೆ ಟೈರನ್ನು ಒಳಗಿನಿಂದ ಹೊರಕ್ಕೆ ಬಗ್ಗಿಸಿದರೆ ತುದಿ ಎದ್ದು ಕಾಣುತ್ತದೆ. ಉಗುರುಕಟ್ಟರಿನಿಂದ ಕಚ್ಚಿ ಕಿತ್ತುಬಿಡಿ. ನೆಗ್ಗಿಲು ಹೊಕ್ಕಿದ್ದರೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ತೂತು ಇರುತ್ತದೆ. ಒಂದಕ್ಕೆ ಪ್ಯಾಚ್ ಹಚ್ಚಿದ ಮೇಲೆ ಮತ್ತೆ ಗಾಳಿ ತುಂಬಿ ನೋಡದೆ ಒಳಗೆ ಹಾಕಬೇಡಿ.

ತೂತಿನ ಬದಲು ಪಕ್ಕಪಕ್ಕ ಎರಡು ಸೀಳು ಕಂಡರೆ ಅದು ಮುಳ್ಳಲ್ಲ, ಗಾಳಿ ಕಡಿಮೆಯಾಗಿ ರಿಮ್ಮು ಕಲ್ಲಿಗೆ ಬಡಿದದ್ದು. 65ರಿಂದ 75 ಕೆಜಿ ತೂಗುವವರು ಎಂಟು ಕೆಜಿ ಹೊರೆ ಕಟ್ಟಿದಾಗ 2.2 ಟೈರಿಗೆ ಟ್ಯೂಬ್ ಇದ್ದರೆ ಗಾಳಿಯ ಒತ್ತಡ ಮುಂದೆ 30, ಹಿಂದೆ 34 ಪಿಎಸ್‌ಐ; ಟ್ಯೂಬ್‌ಲೆಸ್ ಆದರೆ 22 ಮತ್ತು 26ರಿಂದ ಶುರುಮಾಡಿ. ವೇದಾವತಿಯ ಮರಳಿನಂಥ ಕಡೆ ಟ್ಯೂಬ್‌ಲೆಸ್ ಇದ್ದರೆ ಇನ್ನೂ ನಾಲ್ಕೈದು ಇಳಿಸಿ, ಗಟ್ಟಿ ನೆಲ ಬಂದ ಕೂಡಲೇ ತುಂಬಿ.

ಪ್ಯಾಚ್ ಹಚ್ಚುವಾಗ ಮರಳುಕಾಗದದಿಂದ ಉಜ್ಜಿ, ಸಲ್ಯೂಷನ್ ಸವರಿ, ಅದರ ಹೊಳಪು ಹೋಗುವವರೆಗೆ ಕಾಯಬೇಕು. ಒಮ್ಮೆ ತೆರೆದ ಸಲ್ಯೂಷನ್ ಟ್ಯೂಬು ಕೆಲವೇ ತಿಂಗಳಲ್ಲಿ ಒಣಗಿರುತ್ತದೆ. ಹೊರಡುವ ಮೊದಲು ಅದುಮಿ ನೋಡಿ.

ಎರೆಮಣ್ಣು

ಜಗಳೂರು, ಹರಿಹರ, ಚಳ್ಳಕೆರೆ, ಹಿರಿಯೂರು ಕಡೆಗಳಲ್ಲಿ ಕೆಮ್ಮಣ್ಣಿನ ದಾರಿ ಯಾವ ತಿರುವಿನಲ್ಲಿ ಎರೆಗೆ ಇಳಿಯುತ್ತದೋ ಹೇಳಲಾಗದು. ಒಣಗಿದ್ದಾಗ ಎರೆಯ ಬಂಡಿದಾರಿ ಓಡಿಸಲು ಬಲು ಹಿತ. ಒಂದು ಹದ ಮಳೆ ಬಿದ್ದರೆ ಹತ್ತು ಮಾರು ಹೋಗುವುದರೊಳಗೆ ಟೈರು ಎರಡರಷ್ಟು ದಪ್ಪವಾಗುತ್ತದೆ. ಮಣ್ಣು ಹುಲ್ಲಿನ ದಂಟಿನ ಜೊತೆ ಕಲಸಿ ಇಟ್ಟಿಗೆಯಂತೆ ಫ್ರೇಮಿನ ಸಂದಿನಲ್ಲಿ ಕೂತು ಚಕ್ರ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಪೆಡಲ್ ಒತ್ತಿದರೆ ಚೈನು ಹಿಂದಿನ ಗೇರಿನ ಕೈಯನ್ನು ಎಳೆದು, ಅದು ನೇತಾಡುವ ಹ್ಯಾಂಗರ್ ಪಟ್ಟಿ ಮುರಿದು, ಕೈ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಮಳೆಯ ದಿನ ಸೈಕಲ್ ಕೆಡುವುದು ಹೆಚ್ಚಾಗಿ ಹೀಗೆಯೇ.

ಮಣ್ಣು ಅಂಟಲು ಶುರುವಾದ ಕ್ಷಣವೇ ಇಳಿಯಿರಿ. ತಳ್ಳಿದರೂ ಚಕ್ರ ಮಣ್ಣು ಹೀರುತ್ತಲೇ ಹೋಗುತ್ತದೆ, ಎತ್ತಿಕೊಂಡು ಬದುವಿನ ಹುಲ್ಲಿನ ಮೇಲೆ ನಡೆಯುವುದೇ ದಾರಿ. ಒಂದು ಚಪ್ಪಟೆ ಕಡ್ಡಿ ಫ್ರೇಮಿಗೆ ಸಿಕ್ಕಿಸಿಕೊಂಡಿರಿ, ಹಸಿಯಿದ್ದಾಗಲೇ ಕೆರೆದುಬಿಡಬೇಕು. ಮಡ್‌ಗಾರ್ಡ್ ಇದ್ದರೆ ಎರೆ ನೆಲಕ್ಕೆ ಹೋಗುವ ದಿನ ಬಿಚ್ಚಿಡಿ. ಜೋರು ಮಳೆಯಾದರೆ ಎರಡು ದಿನ ಬಿಸಿಲು ಬೀಳುವವರೆಗೆ ಕೆಮ್ಮಣ್ಣು, ಗರಸಿನ ಕಡೆಗೇ ದಾರಿ ಹಾಕಿಕೊಳ್ಳಿ. ನಿಮ್ಮ ಸೈಕಲ್ಲಿನ ಹ್ಯಾಂಗರ್ ಬೇರೆ ಕಂಪನಿಯದಕ್ಕೆ ಕೂರುವುದಿಲ್ಲ, ಆದ್ದರಿಂದ ಒಂದನ್ನು ಕೊಂಡು ಸೀಟಿನ ಕೆಳಗೆ ಟೇಪ್ ಸುತ್ತಿ ಇಡಿ.

ಹೊರೆ ಕಟ್ಟುವುದು

ಭಾರದ್ದು ಕೆಳಗೆ, ನಡುವೆ. ನೀರು, ಪಾನಗಳು, ಟ್ಯೂಬುಗಳು ಫ್ರೇಮಿನ ತ್ರಿಕೋನದೊಳಗಿನ ಬ್ಯಾಗಿಗೆ. ಹೊದಿಕೆ, ಟೆಂಟಿನ ಬಟ್ಟೆಯಂಥ ಹಗುರ ಗಾತ್ರದವು ಹ್ಯಾಂಡಲ್ಲಿಗೆ ಕಟ್ಟುವ ಉರುಳೆ ಬ್ಯಾಗಿಗೆ, ಹೆಚ್ಚೆಂದರೆ ಎರಡೂವರೆ ಕೆಜಿ. ಅದರಾಚೆ ಹ್ಯಾಂಡಲ್ ಇಳಿಜಾರಿನಲ್ಲಿ ಮಾತು ಕೇಳುವುದಿಲ್ಲ. ಸೀಟಿನ ಹಿಂದಿನ ಬ್ಯಾಗಿಗೆ ಮೂರು ಕೆಜಿ, ಬಟ್ಟೆ ಮಾತ್ರ. ಬಾಲದಂತೆ ಆಡುತ್ತಿದ್ದರೆ ಭಾರದ ವಸ್ತುವನ್ನು ಸೀಟಿನ ಕಂಬಿಯ ಕಡೆಗೆ ತುರುಕಿ ಬೆಲ್ಟು ಬಿಗಿಯಿರಿ. ಹೊರೆ ಎಲ್ಲ ಸೇರಿ ನೀರು ಬಿಟ್ಟು ಎಂಟು ಕೆಜಿ ದಾಟದಂತೆ ನೋಡಿಕೊಳ್ಳಿ.

ಕ್ಯಾರಿಯರ್ ಹಾಕುವವರು ತಿರುಪುಗಳಿಗೆ ಸಡಿಲದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಹಚ್ಚಿ, ದಿನಾ ಬೆಳಿಗ್ಗೆ ಮುಟ್ಟಿ ನೋಡಬೇಕು. ಗರಸಿನ ನಡುಕಕ್ಕೆ ಮೊದಲು ಸಡಿಲುವುದು ಅವೇ. ಬ್ಯಾಗಿನ ಪಟ್ಟಿ ಫ್ರೇಮಿಗೆ ತಾಗುವ ಕಡೆ ದಪ್ಪ ಪಾರದರ್ಶಕ ಟೇಪು ಅಂಟಿಸಿ. ಧೂಳು ಸೇರಿದ ಪಟ್ಟಿ ಮರಳುಕಾಗದವೇ ಆಗಿ ಬಣ್ಣ ಕಿತ್ತು ಲೋಹಕ್ಕೆ ಇಳಿಯುತ್ತದೆ. ಹಳೆಯ ಟ್ಯೂಬನ್ನು ಉದ್ದುದ್ದ ಸೀಳಿ ಮಾಡಿದ ಪಟ್ಟಿಗಿಂತ ಒಳ್ಳೆಯ ಕಟ್ಟುಹಗ್ಗ ಇಲ್ಲ, ನಾಲ್ಕು ಇಟ್ಟುಕೊಳ್ಳಿ.

ಪಾನದ ಚೀಲದಲ್ಲಿ ಇರಬೇಕಾದವು: 3, 4, 5, 6, 8ರ ಅಲೆನ್ ಕೀಗಳು, ನಕ್ಷತ್ರ ತುದಿಯ ಟಿ25 ಕೀ, ಚೈನ್ ಕಟ್ಟರ್, ಚೈನು ಜೋಡಿಸುವ ಎರಡು ಕ್ವಿಕ್ ಲಿಂಕ್, ಟ್ಯೂಬ್‌ಲೆಸ್ ಆದರೂ ಎರಡು ಟ್ಯೂಬು, ಪ್ಯಾಚು, ಐದಾರು ಪ್ಲಗ್ಗು, 60 ಮಿ.ಲೀ. ಸೀಲಂಟ್, ವಾಲ್ವ್ ಪಿನ್ ಬಿಚ್ಚುವ ಚಿಕ್ಕ ಪಾನ, ನಿಮ್ಮ ಚಕ್ರದ ಅಳತೆಯ ಮೂರು ಕಡ್ಡಿ, ಕೇಬಲ್ ಟೈ, ಪಂಪು. ಟೈರಿನ ಪಕ್ಕವೇ ಸೀಳಿದರೆ ಒಳಗಿಡಲು ಹಳೆಯ ಟೈರಿನ ಅಂಗೈಯಗಲ ತುಂಡು.

ನೀರು, ಗಾಳಿ, ರಾತ್ರಿ

ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬಿಸಿಲಿನಲ್ಲಿ ಗಂಟೆಗೆ ಮುಕ್ಕಾಲು ಲೀಟರ್ ಲೆಕ್ಕ ಹಾಕಿ, ಸೈಕಲ್ಲಿನ ಮೇಲೆ ನಾಲ್ಕು ಲೀಟರಿನ ಜಾಗ ಮಾಡಿಕೊಳ್ಳಿ. ಈ ಸೀಮೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಹೋಗುವುದಿಲ್ಲ, ಚಾರಣದ ಫಿಲ್ಟರಿಗೂ ಸಿಗುವುದಿಲ್ಲ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲೇ ತುಂಬಿಸಿ, ಅದಕ್ಕೆ ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಹೇಳಿದಷ್ಟೇ ನೀರಿಗೆ ಕಲಸಬೇಕು, ಗಟ್ಟಿಯಾಗಿ ಕಲಸಿದರೆ ಬಾಯಾರಿಕೆಯೇ ಹೆಚ್ಚುತ್ತದೆ. ತಿನ್ನಲು ಶೇಂಗಾ ಚಿಕ್ಕಿ ಒಳ್ಳೆಯದು. ಮಂಡಕ್ಕಿ ಬ್ಯಾಗಿನ ಜಾಗವನ್ನೆಲ್ಲ ನುಂಗುತ್ತದೆ, ಅದನ್ನು ಊರು ಮುಟ್ಟಿದ ಮೇಲೆ ಮಿರ್ಚಿಯ ಜೊತೆ ತಿನ್ನಿ.

ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿ ಪಡುವಣದಿಂದ ಬೀಸುತ್ತದೆ. ಆಗ ಹೊಳಲ್ಕೆರೆಯಿಂದ ಚಳ್ಳಕೆರೆ ಕಡೆಗೆ ಹೋದರೆ ಬೆನ್ನಿಗೆ ಗಾಳಿ. ತಿರುಗಿ ಬರುವಾಗ ಅಷ್ಟೇ ದೂರಕ್ಕೆ ಒಂದೂವರೆ ಪಟ್ಟು ಹೊತ್ತು ಇಟ್ಟುಕೊಳ್ಳಿ. ಎರಡು ದಿನದ ಸುತ್ತಾದರೆ ಎದುರುಗಾಳಿಯ ಭಾಗವನ್ನು ಬೆಳಗಿನ ಜಾವಕ್ಕೆ ಇಡಿ.

ಜೋಗಿಮಟ್ಟಿಯೂ ಜಗಳೂರಿನ ರಂಗಯ್ಯನದುರ್ಗವೂ ವನ್ಯಧಾಮಗಳು. ಕಾಡುದಾರಿಗೆ ಇಳಿಯುವ ಮೊದಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಕರಡಿ, ಚಿರತೆ ಇರುವ ಜಾಗ, ಸಂಜೆಯೊಳಗೆ ಹೊರಗೆ ಬನ್ನಿ. ರಾತ್ರಿಗೆ ಹಳ್ಳಿಯ ಗುಡಿಯ ಅಂಗಳದಲ್ಲೋ ಶಾಲೆಯ ಜಗುಲಿಯಲ್ಲೋ ಹಿರಿಯರನ್ನು ಕೇಳಿ ಮಲಗುವುದು ಎಲ್ಲಕ್ಕಿಂತ ಸುರಕ್ಷಿತ. ಬೆಳಿಗ್ಗೆ ಶೂ ಕೊಡವದೆ ಕಾಲು ಹಾಕಬೇಡಿ, ಕಲ್ಲಿನ ಸೀಮೆಯಲ್ಲಿ ಚೇಳು ಹೆಚ್ಚು.

ಧೂಳು ಮತ್ತು ಚೈನು

ನಮ್ಮ ಧೂಳಿಗೆ ಎಣ್ಣೆ ಬಿದ್ದರೆ ಅರೆಯುವ ಪೇಸ್ಟು ತಯಾರು. ಎಣ್ಣೆಗಿಂತ ಮೇಣ ಲೇಸು. ಹೊಸ ಚೈನಿನ ಕಂಪನಿ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಮೂರು ನಾಲ್ಕು ಸಲ, ತಿಳಿಯಾಗುವವರೆಗೆ ತೊಳೆದು, ಬಯಲಿನಲ್ಲಿ ಪೂರ್ತಿ ಆರಿಸಿ. ಪೂರ್ತಿ ಆರದ ಚೈನನ್ನು ಒಲೆಯ ಹತ್ತಿರ ತರಲೇಬಾರದು. ಅರ್ಧ ಕೆಜಿ ಪ್ಯಾರಾಫಿನ್ ಮೇಣವನ್ನು ಹಳೆಯ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಕುದಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ನೇರ ಬೆಂಕಿಗೆ ಇಟ್ಟರೆ ಹೊತ್ತಿಕೊಳ್ಳುತ್ತದೆ. ಚೈನನ್ನು ಇಳಿಬಿಟ್ಟು ಹತ್ತು ನಿಮಿಷ ಆಗಾಗ ಅಲುಗಿಸಿ, ಮೇಣದ ಮೇಲೆ ಕೆನೆ ಕಟ್ಟಲು ಶುರುವಾದಾಗ ತೆಗೆದು ನೇತುಹಾಕಿ. ಗಟ್ಟಿಯಾದ ಮೇಲೆ ಕೊಂಡಿಗಳನ್ನು ಬಗ್ಗಿಸಿ ಸಡಿಲಿಸಿದರೆ ಮುಗಿಯಿತು. 250-300 ಕಿ.ಮೀ.ಗೆ ಮತ್ತೊಮ್ಮೆ.

ಚೈನು ಸವೆದಿದೆಯೇ ನೋಡಲು ಸ್ಕೇಲು ಸಾಕು: ಒಂದು ಪಿನ್ನಿನ ನಡುವಿನಿಂದ ಅಳೆದರೆ 24 ಪಿನ್ನು ಆಚೆಯದು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ದಾಟಿತೆಂದರೆ ಬದಲಿಸಿ. ಇಲ್ಲದಿದ್ದರೆ ಅದಕ್ಕಿಂತ ದುಬಾರಿಯಾದ ಕ್ಯಾಸೆಟ್ಟನ್ನೂ ಅದು ತಿನ್ನುತ್ತದೆ.

ಬೈಕ್ ವಾಟರ್ ಸರ್ವಿಸಿನ ಜೆಟ್ಟಿಗೆ ಸೈಕಲ್ ಒಡ್ಡಬೇಡಿ, ಹಬ್, ಹ್ಯಾಂಡಲ್ ಮತ್ತು ಪೆಡಲ್ ಬೇರಿಂಗುಗಳ ಗ್ರೀಸು ಕೊಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ನೀರೇ ಬೇಡ, ಒಣ ಬ್ರಷ್ಷಿನಿಂದ ಗುಡಿಸಿದರೆ ಸಾಕು. ಬ್ರೇಕ್ ಪ್ಯಾಡಿನ ತಿರುಳು 1 ಮಿ.ಮೀ.ಗೆ ಇಳಿದರೆ ಬದಲಿಸಿ. ಹೊಸದರಲ್ಲಿ 1.8 ಮಿ.ಮೀ. ದಪ್ಪವಿರುವ ಡಿಸ್ಕು 1.5ಕ್ಕೆ ಬಂದರೆ ಅದನ್ನೂ. ಡಿಸ್ಕಿಗೆ ಎಣ್ಣೆ ಸಿಡಿದರೆ ಸ್ಪಿರಿಟಿನಿಂದ ಒರೆಸಿ. ಎಣ್ಣೆ ಕುಡಿದ ಪ್ಯಾಡು ಮತ್ತೆ ಸರಿಹೋಗುವುದು ಕಷ್ಟ. ಪಂಚರಿಗೆಂದು ಆಯಿಲ್ ಬ್ರೇಕಿನ ಸೈಕಲ್ಲನ್ನು ತಲೆಕೆಳಗು ಮಾಡಿದ್ದರೆ, ನೆಟ್ಟಗೆ ನಿಲ್ಲಿಸಿ ಲಿವರನ್ನು ಹತ್ತಿಪ್ಪತ್ತು ಸಲ ಒತ್ತಿ, ಗಟ್ಟಿಯಾಗಿ ಹಿಡಿಯುತ್ತಿದೆಯೇ ನೋಡಿದ ಮೇಲೆಯೇ ಹತ್ತಿ.

ಹೊಸ ಚಕ್ರದ ಕಡ್ಡಿಗಳು ಮೊದಲ 150 ಕಿ.ಮೀ.ಯಲ್ಲಿ ಸಡಿಲುತ್ತವೆ. ಒಂದೊಂದನ್ನೂ ಬೆರಳಿನಿಂದ ಮೀಟಿ. ಒಂದೇ ಬದಿಯವು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಮಂದ ಸದ್ದಿನ ಕಡ್ಡಿಗೆ ಕಾಲು ಸುತ್ತು ಬಿಗಿ ಕೊಟ್ಟು ಮತ್ತೆ ಮೀಟಿ. ವಾರಗಟ್ಟಲೆ ನಿಲ್ಲಿಸಿಡುವುದಾದರೆ ನೆರಳಿನಲ್ಲಿ ತೂಗುಹಾಕಿ, ಗಾಳಿ ಪೂರ್ತಿ ಬಿಡಬೇಡಿ, ವಾರಕ್ಕೊಮ್ಮೆ ಚಕ್ರ ತಿರುಗಿಸಿ. ಇಲ್ಲವಾದರೆ ಸೀಲಂಟ್ ಒಂದೇ ಕಡೆ ಹೆಪ್ಪುಗಟ್ಟಿ, ಮುಂದಿನ ಸಲ ಹೊರಟಾಗ ಚಕ್ರ ಕುಣಿಯುತ್ತದೆ.